ಶಿಲಾಭೇದನದಲ್ಲಿ ಕಂಪನದ ಚರಿತ್ರೆ

ನೆಲವನ್ನೂ ಬಂಡೆಯನ್ನೂ ಕೊರೆಯುವುದಕ್ಕೆ ಮನುಷ್ಯನು ಬಹುಕಾಲದಿಂದ ಎರಡು ಉಪಾಯಗಳನ್ನು ಬಲ್ಲನು: ಬೈರಿಗೆಯಂತೆ ತಿರುಗಿಸುವುದೊಂದು, ಉಳಿಯಂತೆ ಹೊಡೆಯುವುದೊಂದು. ಎರಡನೆಯ ಉಪಾಯವು ಕಾಲಕ್ರಮದಲ್ಲಿ ಬೆಳೆಯಿತು. ಪೆಟ್ಟು ಪೆಟ್ಟಿನ ನಡುವಣ ಅಂತರವು ಕಿರಿದಾಗುತ್ತ ಬಂದು, ಕಡೆಗೆ ಪೆಟ್ಟೇ ಕಂಪನವಾಗಿ ಪರಿಣಮಿಸಿತು. ಇದನ್ನು ಬಲವೃದ್ಧಿಯ ಕಥೆಯೆಂದು ಮಾತ್ರ ಭಾವಿಸಿದರೆ ಅರ್ಧ ಸಂಗತಿ ಮರೆಯಾಗುತ್ತದೆ. ಬಂಡೆಗೆ ಕೊಟ್ಟ ಪೆಟ್ಟಿನ ಫಲದಲ್ಲಿ ಒಂದು ಪಾಲು ಕೊಟ್ಟವನ ಮೈಗೂ ಸಲ್ಲುತ್ತದೆ. ಧೂಳಾಗಿ ಎದೆಗೆ, ನಡುಕವಾಗಿ ಕೈಗೆ. ಆ ಪಾಲನ್ನು ಅವನಿಂದ ದೂರವಿರಿಸುವ ಪ್ರಯತ್ನವೂ ಈ ಚರಿತ್ರೆಯ ಒಂದು ಮುಖ್ಯಾಂಶವೆಂದು ಎಣಿಸಬೇಕು.

ಆಲ್ಪ್ಸ್ ಪರ್ವತದಡಿಯಲ್ಲಿ ಫ್ರಾನ್ಸನ್ನೂ ಇಟಲಿಯನ್ನೂ ಕೂಡಿಸುವ ಮೋಂ ಸೆನೀ ಸುರಂಗದ ಕೆಲಸವು 1857ರಲ್ಲಿ ಉಳಿ ಸುತ್ತಿಗೆಗಳಿಂದಲೇ ಮೊದಲಾಯಿತು. ಸುರಂಗದ ಉದ್ದವು 12 ಕಿಲೋಮೀಟರಿಗೂ ಮಿಗಿಲು; ಕೈಕೆಲಸದಿಂದ ಅದು ಬೇಗನೆ ಮುಗಿಯುವಂತಿರಲಿಲ್ಲ. ಜೆರ್ಮೇನ್ ಸೊಮೆಯೆ ಎಂಬ ಯಂತ್ರಶಿಲ್ಪಿಯು ಒತ್ತಿದ ಗಾಳಿಯಿಂದ ನಡೆಯುವ ಕೊರೆಯಂತ್ರವನ್ನು 1861ರಲ್ಲಿ ಅಲ್ಲಿ ಬಳಕೆಗೆ ತಂದನು. ಯಂತ್ರವನ್ನು ನಡೆಸಿದ ಗಾಳಿಯೇ ಹೊರಬಂದು ಕೆಲಸಗಾರರ ಉಸಿರಿಗೂ ಒದಗುತ್ತಿದ್ದುದು ಅದರ ವಿಶೇಷ ಗುಣ. 1870ರ ಡಿಸೆಂಬರಿನಲ್ಲಿ ಎರಡು ಕಡೆಯ ಕೊರೆತಗಳೂ ಸಂಧಿಸಿದುವು. 1871ರ ಸೆಪ್ಟೆಂಬರಿನಲ್ಲಿ ಮಾರ್ಗವು ತೆರೆಯುವುದಕ್ಕೆ ಎರಡು ತಿಂಗಳು ಮುಂಚೆಯೇ ಸೊಮೆಯೆ ತೀರಿಕೊಂಡನು.

ಆ ಯಂತ್ರದಲ್ಲಿ ಉಕ್ಕಿನ ಸಲಾಕೆಯು ಕೊಂತಕ್ಕೆ ಜೋಡಿಸಲ್ಪಟ್ಟು ಅದರೊಡನೆಯೇ ಹಿಂದುಮುಂದಾಗಿ ಚಲಿಸುತ್ತಿತ್ತು. 1897ರಲ್ಲಿ ಅಮೆರಿಕದ ಕೊಲೊರಾಡೊ ಸೀಮೆಯ ಜಾರ್ಜ್ ಲೇನರನು ಇವೆರಡನ್ನೂ ಬೇರ್ಪಡಿಸಿದನು. ಸಲಾಕೆಯ ತುದಿ ಬಂಡೆಗೆ ತಗುಲಿಯೇ ಇರುವುದು. ಹಗುರವಾದ ಸುತ್ತಿಗೆಯೊಂದು ಅದರ ತಲೆಯನ್ನು ನಿಮಿಷಕ್ಕೆ ಸಾವಿರಕ್ಕೂ ಮಿಕ್ಕು ಸಲ ಬಡಿಯುವುದು. ಪೆಟ್ಟು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದ ಅಲೆಯಾಗಿ ಉಕ್ಕಿನೊಳಗೆ ಹರಿದು ತುದಿಯ ಕೆಳಗಣ ಕಲ್ಲನ್ನು ಪುಡಿಮಾಡುವುದು. ಪುಡಿಯನ್ನು ಹೊರಗೆಡಹಲು ಲೇನರನು ಮೊದಲು ಟೊಳ್ಳು ಸಲಾಕೆಯೊಳಗೆ ಗಾಳಿಯನ್ನು ಊದಿಸಿದನು. ಎದ್ದ ಧೂಳು ಅಸಹ್ಯವಾಗಲು, ಅದೇ ದಾರಿಯಲ್ಲಿ ನೀರನ್ನು ಹರಿಸಬೇಕಾಯಿತು.

ಈ ಧೂಳಿನ ಅರ್ಥವನ್ನು ಕನ್ನಡನಾಡು ಕೋಲಾರದ ಚಿನ್ನದ ಗಣಿಗಳಿಂದ ಅರಿತುಕೊಂಡಿತು. ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲಿನ ನುಣುಪಾದ ಪುಡಿ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ರೋಗವನ್ನುಂಟುಮಾಡುತ್ತದೆ. ಮೈಸೂರು ಸರ್ಕಾರವು 1940ರಲ್ಲಿ ಇದಕ್ಕಾಗಿ ನಿಯಮಗಳನ್ನು ವಿಧಿಸಿತು. 1940ರಿಂದ 1946ರವರೆಗೆ ಏಳು ಸಾವಿರಕ್ಕೂ ಹೆಚ್ಚು ಗಣಿಕೆಲಸಗಾರರನ್ನು ಪರೀಕ್ಷಿಸಲಾಗಿ, ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ರೋಗಚಿಹ್ನೆ ಕಂಡುಬಂದಿತು. ನಡುಕದ ಸಂಗತಿಯೂ ಇಂಥದೇ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯು ಅಮೆರಿಕದ ಇಂಡಿಯಾನಾ ಸೀಮೆಯ ಬೆಡ್‌ಫರ್ಡಿನಲ್ಲಿ ಗಾಳಿಸುತ್ತಿಗೆ ಹಿಡಿದು ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿದಳು. ಚಳಿಯಲ್ಲಿ ಅವರ ಬೆರಳುಗಳು ರಕ್ತವಿಲ್ಲದೆ ಬೆಳ್ಳಗಾಗಿ ಜೋಮುಹಿಡಿಯುತ್ತಿದ್ದುವು.

ಅದೇ 1918ರಲ್ಲಿ ರುಮೇನಿಯಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ್ದ ಜಾರ್ಜ್ ಕಾನ್‌ಸ್ಟಾಂಟಿನೆಸ್ಕೊ, ಕಂಪನದ ಅಲೆಗಳ ಮೂಲಕ ಶಕ್ತಿಯನ್ನು ಸಾಗಿಸಬಹುದೆಂಬ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಸೋವಿಯತ್ ದೇಶದ ಬಾರ್ಕಾನನು ಕಂಪನದಿಂದ ಕಂಬಗಳನ್ನು ನೆಲದಲ್ಲಿ ಇಳಿಸುವ ಕ್ರಮವನ್ನು ಬೆಳೆಸಿದನು. ಶತಮಾನದ ನಡುಭಾಗದಲ್ಲಿ ಅಮೆರಿಕದ ಆಲ್ಬರ್ಟ್ ಬೋಡೈನನು ಇಂಥ ಅಲೆಗಳನ್ನು ಭೂಮಿ ಕೊರೆಯುವುದಕ್ಕೆ ಅಳವಡಿಸಿದನು.

ಈ ಯಂತ್ರದ ತಲೆಯಲ್ಲಿ ಸುತ್ತಿಗೆಯಿಲ್ಲ. ಒಂದು ಬದಿಗೆ ತೂಕವುಳ್ಳ ಎರಡು ಉರುಳೆಗಳು ಎದುರುಬದುರಾಗಿ ತಿರುಗುತ್ತವೆ. ತೂಕಗಳು ಎಡಬಲಕ್ಕೆ ಸೆಳೆದಾಗ ಒಂದರ ಬಲವನ್ನು ಇನ್ನೊಂದು ಅಳಿಸುತ್ತದೆ. ಮೇಲುಕೆಳಗಾದಾಗ ಎರಡೂ ಕೂಡುತ್ತವೆ. ಆದಕಾರಣ ಸಲಾಕೆಯು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ನೆಟ್ಟಗೆ ಮೇಲುಕೆಳಗೆ ಕಂಪಿಸಬಲ್ಲದು. ಉಯ್ಯಾಲೆಯನ್ನು ಅದರ ಲಯವರಿತು ತಳ್ಳಿದರೆ ಅಲ್ಪಬಲದಿಂದಲೇ ಜೀಕು ಹೆಚ್ಚುವಂತೆ, ಸಲಾಕೆಯ ಸ್ವಂತ ಲಯಕ್ಕೆ ಯಂತ್ರದ ಲಯವು ಕೂಡಿದಾಗ ಕಂಪನವು ಬಲಿಯುತ್ತದೆ. ಆಗ ಸಲಾಕೆಯ ಸುತ್ತಣ ತೆಳುಪದರದ ಮಣ್ಣು ಹಿಡಿತವನ್ನು ಬಿಡುತ್ತದೆ. ನೆನೆದ ಮರಳಂತೂ ನೀರಿನಂತೆ ದಾರಿಕೊಡುತ್ತದೆ. ಬಂಡೆಯಲ್ಲಿ ತುದಿಯ ಅಂಚು ಕಲ್ಲಿನ ಕಣಗಳನ್ನು ಒಡೆಯುತ್ತದೆ; ನಿಧಾನವಾದ ತಿರುಗಾಟವು ಪ್ರತಿಸಲವೂ ಅದಕ್ಕೆ ಹೊಸ ತಾವನ್ನೊದಗಿಸುತ್ತದೆ. ಕೊಳವೆಯೊಳಗೆ ಸೇರಿದ ನೆಲದ ಪದರಗಳು ಬಹುಮಟ್ಟಿಗೆ ಕ್ರಮಗೆಡದೆ ಪರೀಕ್ಷೆಗೆ ದೊರೆಯುತ್ತವೆ. ಮಣ್ಣು, ಜಲ್ಲಿ, ಮೆದುಗಲ್ಲುಗಳಲ್ಲಿ ಈ ಕ್ರಮವು ಶ್ರೇಷ್ಠವಾದರೂ ಅತಿ ಗಟ್ಟಿಯಾದ ಬಂಡೆಗೆ ಸುತ್ತಿಗೆಯೇ ಇಂದಿಗೂ ಹೆಚ್ಚು ಯೋಗ್ಯವಾದುದು.

ಈ ಯಂತ್ರದ ರಚನೆಯಲ್ಲಿ ಇನ್ನೊಂದು ಅಂಗವು ಗಮನಾರ್ಹ. ಕಂಪಿಸುವ ತಲೆಗೂ ಯಂತ್ರದ ಒಡಲಿಗೂ ನಡುವೆ ಗಾಳಿ ತುಂಬಿದ ಮೆತ್ತೆಯೊಂದಿದೆ. ಅದು ನಡುಕವನ್ನು ಮೇಲಕ್ಕೇರಗೊಡದೆ ಕೆಳಕ್ಕೆ ಕಳುಹಿಸುತ್ತದೆ. ಒಡಲನ್ನು ಕಾಯಲು ಇಟ್ಟ ಈ ಮೆತ್ತೆಯಿಂದ ಆಳಿಗೂ ರಕ್ಷಣೆ ದೊರೆಯುತ್ತದೆ. ಸೊಮೆಯೆಯ ಕಾಲದಲ್ಲಿ ಗಾಳಿಯು ಪೆಟ್ಟನ್ನು ಕೊಡಲು ನಿಯಮಿತವಾಗಿತ್ತು. ಇಲ್ಲಿ ಅದೇ ಗಾಳಿಯು ಪೆಟ್ಟನ್ನು ತಡೆಯಲು ನಿಯಮಿತವಾಗಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಅಲ್ಲಿ ಕೊರೆದವರ ಎದೆಯೂ ಬೆಡ್‌ಫರ್ಡಿನ ಬೆರಳುಗಳೂ ತೋರಿಸಿಕೊಟ್ಟ ಸತ್ಯವಿಷ್ಟೆ: ಕಲ್ಲನ್ನು ಎಷ್ಟು ಬೇಗ ಒಡೆಯಿತೆಂಬುದು ಕೊರೆಯಂತ್ರದ ಅರ್ಧ ಪರೀಕ್ಷೆ, ಒಡೆದವನನ್ನು ಹೇಗೆ ಉಳಿಸಿತೆಂಬುದು ಉಳಿದರ್ಧ.