ಬಾಯಿ ಕೆಟ್ಟದೋ, ಹಂಡೆ ಕೆಟ್ಟದೋ?

ದವಾಖಾನ್ಯಾಗ ಮಲಗಿದವರು "ಈ ಗಂಜಿ ಒಂಥರಾ ವಾಸನಿ ಬರ್ತದ", "ಚಹಾ ಬಾಯಾಗ ಇಡಾಕ ಆಗಂಗಿಲ್ಲ" ಅಂದ್ರ ನಾವೆಲ್ಲಾ ಹೇಳೋ ಮಾತು ಒಂದೇ. "ಜ್ವರ ಬಂದು ನಿಮ್ಮ ಬಾಯಿ ಕೆಟ್ಟದ, ಕಣ್ಣು ಮುಚ್ಚಿ ಕುಡೀರಿ." ನಮ್ಮ ಅತ್ತಿ ಹೇಳತಿದ್ರು, ನಾವೂ ಹೇಳ್ತೀವಿ, ನಾಳೆ ನಮಗೂ ಯಾರೋ ಹೇಳ್ತಾರ. ಒಮ್ಮೊಮ್ಮೆ ಅದು ಖರೇನೂ ಇರ್ತದ. ಆದ್ರ ನೂರಾ ಎಪ್ಪತ್ತು ವರ್ಷದ ಹಿಂದ ಸಾವಿರಾರು ಮಂದಿ ಮಲಗಿದ್ದ ಒಂದು ದವಾಖಾನ್ಯಾಗ ಚಹಾ ಯಾಕ ಕುಡಿಯಾಕ ಆಗತಿರಲಿಲ್ಲ ಅಂತ ಓದಿದ ಮ್ಯಾಲ ಈ ಮಾತು ಆಡಾಕ ನನಗ ಸ್ವಲ್ಪ ಅಂಜಿಕಿ ಬರ್ತದ.

1853ರಿಂದ 1856ರ ತನಕ ಇಂಗ್ಲಂಡ, ಫ್ರಾನ್ಸ, ತುರ್ಕಸ್ತಾನ ಕೂಡಿ ರಶಿಯಾದ ವಿರುದ್ಧ ಕ್ರೈಮಿಯಾ ಯುದ್ಧ ಮಾಡಿದ್ವು. ಗಾಯ ಆದ, ಬ್ಯಾನಿ ಬಿದ್ದ ಇಂಗ್ಲಿಷ್ ಸಿಪಾಯಿಗಳನ್ನ ಹಡಗಿನ್ಯಾಗ ಹಾಕಿ, ಕಪ್ಪು ಸಮುದ್ರ ದಾಟಿಸಿ, ಇಸ್ತಾಂಬುಲಿನ ಎದುರಿಗಿರೋ ಸ್ಕುಟಾರಿ ಅನ್ನೋ ಊರಿಗೆ ತರತಿದ್ರು. ಅಲ್ಲಿ ತುರ್ಕರ ಒಂದು ದೊಡ್ಡ ಲಷ್ಕರಿ ಕಟ್ಟಡವನ್ನೇ ದವಾಖಾನಿ ಮಾಡಿದ್ರು. ಫ್ಲಾರೆನ್ಸ್ ನೈಟಿಂಗೇಲ್ 1854ರ ನವೆಂಬರ್ 4ಕ್ಕ 38 ಮಂದಿ ದಾದಿಯರನ್ನ ಕರಕೊಂಡು ಅಲ್ಲಿಗೆ ಬಂದಳು. ನಾವು ಶಾಲ್ಯಾಗ ಓದಿದ್ದು ಕೈಯಾಗ ದೀಪ ಹಿಡಕೊಂಡು ರಾತ್ರಿ ತಿರಗಾಡೋ ನೈಟಿಂಗೇಲ್. ಒಲಿ ಮುಂದ ನಿಂತ ನೈಟಿಂಗೇಲ್ ಯಾವ ಪುಸ್ತಕದ ಚಿತ್ರದಾಗೂ ನನಗ ಸಿಗಲಿಲ್ಲ.

ಅಲ್ಲಿನ ಅಡಗಿಮನಿ ಸುದ್ದಿ ಕೇಳ್ರಿ. (ಮಾಂಸದ ಮಾತು ಬರ್ತದ, ತಿನ್ನದವರು ಮೂಗು ಮುರೀಬ್ಯಾಡ್ರಿ.) ಇಡೀ ದವಾಖಾನಿಗೆ 13 ತಾಮ್ರದ ಹಂಡೆ. ಒಂದೊಂದು ವಾರ್ಡಿನಿಂದ ಒಬ್ಬ ಆಳು ಬಂದು ಸಾಲಿನ್ಯಾಗ ನಿಂತು ಹಸಿ ಮಾಂಸ ತಗೋಬೇಕು. ಕಟ್ಟಿ ಹಂಡೇದಾಗ ಬಿಡಬೇಕು. ನಮ್ಮದು ಯಾವುದು, ಮಂದೀದು ಯಾವುದು ಗೊತ್ತಾಗಬೇಕಲ್ಲ, ಅದಕ್ಕ ಒಬ್ಬ ಕೆಂಪು ಅರಿವಿ ಚೂರು ಕಟ್ಟತಿದ್ದ, ಒಬ್ಬ ಗುಂಡಿ, ಒಬ್ಬ ಹಳೇ ಮೊಳಿ, ಒಬ್ಬನಂತೂ ಡಾಕ್ಟರ್ರ ಹೊಲಸು ಕತ್ತರಿ. ಎಲ್ಲಾ ಒಂದೇ ಹಂಡೇದಾಗ! ನೀರು ನೆಟ್ಟಗ ಕುದೀತಿರಲಿಲ್ಲ, ಒಲಿ ಹೊಗಿ ಕಾರತಿತ್ತು. ಅಡಗಿಯವನಿಗೆ "ಇನ್ನ ಸಾಕು" ಅನಿಸಿದ ಕೂಡ್ಲೆ ಒಲಿಗೆ ನೀರು ಸುರುವಿ ಆರಸತಿದ್ರು. ಮೊದಲು ಹಾಕಿದ್ದು ಬೆಂದು ಕರಗಿರ್ತಿತ್ತು, ಕಡೀಗೆ ಹಾಕಿದ್ದು ಹಸೀನ. ಆಮ್ಯಾಲ ಆ ಆಳು ಅದನ್ನ ವಾರ್ಡಿಗೆ ಒಯ್ದು ತನ್ನ ಹಾಸಿಗಿ ಮ್ಯಾಲ ಇಟ್ಟು ಪಾಲು ಮಾಡೂದು. ರೋಗಿ ಕೈಗೆ ಬರೋದರಾಗ ತಣ್ಣಗ.

ಪಾಲಿನ್ಯಾಗ ಎಲುಬೂ ತೂಕಕ್ಕ ಹಿಡೀತಿದ್ರು. ಒಬ್ಬನ ತಾಟಿಗೆ ಮಾಂಸ ಬಂದ್ರ ಬಾಜೂದವನಿಗೆ ಬರೇ ಎಲುಬು. "ಎಲುಬು ತಗದು ತೂಕ ಮಾಡ್ರಿ" ಅಂತ ನೈಟಿಂಗೇಲ್ ಕೇಳಿದ್ದಕ್ಕ, ಹಂಗ ಮಾಡಬೇಕಂದ್ರ ಸೈನ್ಯದ ಹೊಸಾ ಕಾಯದೇನ ಬೇಕಾಗ್ತದ ಅಂತ ಮ್ಯಾಲಿನವರು ಉತ್ತರ ಕೊಟ್ರು. ಒಂದು ಚಾಕು ಸಾಕಾಗೋ ಕೆಲಸಕ್ಕ ಕಾಯದೆ! ಚಾಕು ಚಮಚ ಅಲ್ಲಿ ಇರಲೇ ಇಲ್ಲ ಅನ್ನಬೇಕು, ಕೈಲೆ ಹರಕೊಂಡು ತಿನ್ನತಿದ್ರು.

ಇನ್ನ ಚಹಾ. ಮಾಂಸ ಬೇಯಿಸಿದ ಅದೇ ಹಂಡೇದಾಗ, ನೀರು ಕಮ್ಮಿ ಅಂತ ತೊಳೀದನ, ಚಹಾ ಕಾಸತಿದ್ರು. ಮ್ಯಾಲ ಕೊಬ್ಬು ತೇಲತಿದ್ದರ ಅದಕ್ಕ ಏನು ಸೋಜಿಗ! ಆ ಸಿಪಾಯಿಗಳಿಗೆ "ನಿನ್ನ ಬಾಯಿ ಕೆಟ್ಟದ" ಅಂದ್ರ ಹೆಂಗ ಒಪ್ಪಬೇಕು ಹೇಳ್ರಿ.

ನೈಟಿಂಗೇಲ್ ಬರೋವಾಗ ಫ್ರಾನ್ಸಿನ ಮಾರ್ಸೇಲ್ಸ್ ಊರಾಗ ಸಣ್ಣ ಒಲಿ, ಆರಾರೂಟು ಎಲ್ಲಾ ಖರೀದಿ ಮಾಡಿಕೊಂಡ ಬಂದಿದ್ದಳು. ಅವನ್ನ ಹೂಡಿ ಬ್ಯಾರೆ ಅಡಗಿಮನಿ ಸುರು ಮಾಡಿದಳು. ಡಾಕ್ಟರ್ರ ಚೀಟಿ ಇಲ್ಲದ ಯಾರಿಗೂ ಒಂದು ಚಮಚ ಕೊಡತಿರಲಿಲ್ಲ. ಕಠಿಣ ಅನಸ್ತದ, ಆದ್ರ ಆ ಗಂಡಸರ ನಡುವ ಅವಳ ಒಲಿ ಉಳಿದಿದ್ದು ಆ ಹಟದಿಂದ ಅಂತ ನನಗ ಅನಸ್ತದ.

1855ರ ವಸಂತದಾಗ ಅಲೆಕ್ಸಿಸ್ ಸೋಯರ್ ಬಂದ. ಫ್ರಾನ್ಸಿನವ, ಮೊದಲು ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ದೊಡ್ಡ ಅಡಗಿಯವ. ಐರ್ಲಂಡಿನ ಬರಗಾಲದಾಗ, 1847ರಾಗ, ಡಬ್ಲಿನ್ನಿನ್ಯಾಗ ಗಂಜಿಕೇಂದ್ರ ನಡಸಿದವ. ನನ್ನ ಖರ್ಚಿನ್ಯಾಗ ಬರ್ತೀನಿ ಅಂತ ಪತ್ರಿಕೆಗೆ ಬರದು ಹೊಂಟು ಬಂದ. ಬಂದವನು ಮೊದಲು ಕಂಡಿದ್ದು ಏನಂದ್ರ, ಮಾಂಸ ಬೆಂದ ನೀರನ್ನ ಸುರುವಿ ಚೆಲ್ಲತಿದ್ರು. ಹೋಳಿಗಿ ಮಾಡೋವಾಗ ಬ್ಯಾಳಿ ಬಸಿದು ಕಟ್ಟು ಚೆಲ್ಲಿದಂಗ ಆತಲ್ಲ! ನಮ್ಮ ಕಡೆ ಹಂಗ ಚೆಲ್ಲಿದ್ರ ಆ ಮನೀಗೆ ಯಾರೂ ಹೆಣ್ಣು ಕೊಡಂಗಿಲ್ಲ. ಅವ ಆ ನೀರಿಗೆ ಉಪ್ಪು ಮೆಣಸು ಹಾಕಿ ಸಾರು ಮಾಡಿದ. ಮಾಂಸ ಬಿಗದು ಕಟ್ಟಿದ್ರ ಒಳಗ ಬೇಯಂಗಿಲ್ಲ, ಸಡ್ಲ ಕಟ್ರಿ ಅಂದ. ಚಹಾಕ್ಕ ಸೋಸೋ ಡಬ್ಬಿ ಇರೋ ಬ್ಯಾರೆ ಕಿಟ್ಲಿ ಮಾಡಿಸಿದ. ಅಡಗಿ ಆಳುಗಳನ್ನ ಬದಲಾಯಿಸಬ್ಯಾಡ್ರಿ ಅಂದ, ಯಾಕಂದ್ರ ಒಬ್ಬ ಸಿಪಾಯಿ ಒಂದಿಷ್ಟು ಕಲಿಯೋದರಾಗ ಅವನ ಪಾಳಿ ಮುಗದು ಹೊಸಬ ಬರತಿದ್ದ. ರೇಶನ್ ಮಾತ್ರ ಅದೇ ಹಳೇ ರೇಶನ್.

ಇಲ್ಲೊಂದು ಮಾತು ಮುಚ್ಚಿಡಬಾರದು. ಆ ಚಳಿಗಾಲದಾಗ ನೈಟಿಂಗೇಲಳ ಅಡಗಿಮನಿ ನಡದಿತ್ತು, ಆದ್ರೂ ಸಾವು ಏರಿಕೋತನ ಹೋತು. 1855ರ ಫೆಬ್ರುವರಿಯೊಳಗ ಅಲ್ಲಿ ಸೇರಿದ ನೂರು ಮಂದಿಗೆ ಸುಮಾರು 42 ಮಂದಿ ಸತ್ರು. ಮಾರ್ಚಿನ್ಯಾಗ ಸರಕಾರದ ನೈರ್ಮಲ್ಯ ತಪಾಸಣಿಯವರು ಬಂದು ನೀರಿನ ಕಾಲಿವಿ ಅಗಸಿ ನೋಡಿದ್ರ, ಕುಡಿಯೋ ನೀರು ಸತ್ತ ಕುದರಿ ಹೆಣದ ಮ್ಯಾಲ ಹಾಯ್ದು ಬರತಿತ್ತು. ಗಟಾರು ತೊಳಸಿದ್ರು, ಕಿಡಕಿ ತಗಸಿದ್ರು, ನೀರು ಸ್ವಚ್ಛ ಮಾಡಿದ್ರು. ಜೂನ್ ಹೊತ್ತಿಗೆ ಆ 42 ಇಳದು ಎರಡರ ಸುಮಾರಿಗೆ ಬಂತು. ಎಲ್ಲಾ ಸಾವೂ ಊಟದಿಂದ ಆದದ್ದಲ್ಲ ಅಂತ ನೈಟಿಂಗೇಲಳಿಗೂ ಊರಿಗೆ ಹೋಗಿ ಅಂಕಿ ಹಚ್ಚಿ ನೋಡಿದ ಮ್ಯಾಲೇ ತಿಳೀತು. ಜಿಡ್ಡಿನ ಚಹಾ ನಾಲಿಗೀಗೆ ಗೊತ್ತಾತು, ನೀರಾಗಿನ ವಿಷ ಗೊತ್ತಾಗಲಿಲ್ಲ.

ಮುಂದ 1859ರ ಕಡೀಗೆ ಅವಳು ಮನ್ಯಾಗ ರೋಗಿ ನೋಡೋ ಹೆಣ್ಣಮಕ್ಕಳ ಸಲುವಾಗಿ "ನೋಟ್ಸ್ ಆನ್ ನರ್ಸಿಂಗ್" ಅಂತ ಸಣ್ಣ ಪುಸ್ತಕ ಬರದಳು. ಅದರಾಗ ಊಟದ ಮ್ಯಾಲ ಎರಡು ಅಧ್ಯಾಯ ಅವ. ಅಡಗಿ ಮಾಡೋರ ಕಣ್ಣಿಲೆ ಬರದದ್ದು. ಅನ್ನ ಸಮೃದ್ಧ ಇದ್ದೂ ರೋಗಿಗಳು ಉಪವಾಸ ಬೀಳ್ತಾರ, ಯಾಕಂದ್ರ ಯಾವಾಗ, ಎಷ್ಟು, ಹೆಂಗ ಉಣಸಬೇಕು ಅಂತ ಯಾರೂ ನೋಡಂಗಿಲ್ಲ ಅಂತಾಳ. ಭಾಳ ಸೊರಗಿದವರಿಗೆ ಮುಂಜಾನೆ ಘಟ್ಟಿ ಊಟ ಇಳಿಯಂಗಿಲ್ಲ, ತಾಸಿಗೊಮ್ಮೆ ಒಂದೊಂದು ಚಮಚ ಕೊಡ್ರಿ. ಉಣ್ಣದ ಬಿಟ್ಟದ್ದನ್ನ "ಆಮ್ಯಾಲ ಉಣಬಹುದು" ಅಂತ ಹಾಸಿಗಿ ಬಾಜೂಕ ಇಡಬ್ಯಾಡ್ರಿ, ಅದನ್ನ ನೋಡಿ ನೋಡೇ ಹಸಿವಿ ಸಾಯ್ತದ. ಬಸಿ ಒಣಗಿರಲಿ, ಇಲ್ಲಾಂದ್ರ ಕಪ್ಪಿನ ತಳ ಹಾಸಿಗಿ ಮ್ಯಾಲ ಸೋರ್ತದ. ಹಾಲು ಒಡದು ಕೊಡಾಕ ಬರದಿದ್ರ ಬದ್ಲಿ ಏನರೆ ಮಾಡಿ ಕೊಡ್ರಿ, ಬರೇ ಹಂಗ ಬಿಡಬ್ಯಾಡ್ರಿ. ಆರಾರೂಟು ಅಂದ್ರ ಪಿಷ್ಟ ಮತ್ತ ನೀರು, ಅದಕ್ಕಿಂತ ಗೋದಿಹಿಟ್ಟು ಶಕ್ತಿ ಅಂತಾಳ. ನಮ್ಮ ಮಾವಶಿಯವರೆಲ್ಲಾ ಆರಾರೂಟ್ ಗಂಜೀನೇ ಅಮೃತ ಅಂತಿದ್ರು, ಅವರ ಮುಂದ ಇದನ್ನ ಹೇಳೋ ಧೈರ್ಯ ನನಗಿಲ್ಲ.

ಇದೆಲ್ಲಾ ಹಳೇ ಕತಿ, ಈಗ ಮಶೀನು ಬಂದಾವ ಅಂತೀರೇನು? 1974ರಾಗ ಅಮೆರಿಕಾದ ಡಾಕ್ಟರ್ ಚಾರ್ಲ್ಸ್ ಬಟರ್‌ವರ್ಥ್ ಒಂದು ಲೇಖನ ಬರದ. ದೊಡ್ಡ ದವಾಖಾನಿಯೊಳಗೇ ರೋಗಿಗಳು ಊಟ ಇಲ್ಲದ ಸೊರಗತಾರ, ತೂಕ ಯಾರೂ ಬರಕೊಳ್ಳಂಗಿಲ್ಲ, ಟೆಸ್ಟ್ ಅದ ಅಂತ ಊಟ ತಪ್ಪಸ್ತಾರ, ಬರೇ ಸಲೈನ್ ಮ್ಯಾಲ ದಿನಗಟ್ಲೆ ಇಡ್ತಾರ ಅಂದ. ನೈಟಿಂಗೇಲ್ ಬರದು ನೂರು ವರ್ಷದ ಮ್ಯಾಲ.

ಇಂಗ್ಲಂಡಿನ ಸ್ಟಾಫರ್ಡ್ ದವಾಖಾನಿ ಸುದ್ದಿ ಇನ್ನೂ ಹತ್ತರದ್ದು. ಊಟದ ತಾಟು, ನೀರಿನ ಲೋಟ ರೋಗಿ ಕೈಗೆ ನಿಲುಕದ ಹಂಗ ಇಟ್ಟು ಹೋಗತಿದ್ರು, ಉಣಸೋರಿಲ್ಲ, ಆಮ್ಯಾಲ ತುಂಬಿದ ತಾಟು ವಾಪಸ್. 2007ರಾಗ ತಾಯೀನ್ನ ಅಲ್ಲಿ ಕಳಕೊಂಡ ಜೂಲಿ ಬೇಲಿ ಅನ್ನಾಕಿ ಆ ಊರಾಗ ಒಂದು ಸಣ್ಣ ಹೋಟೆಲ್ ನಡಸತಿದ್ದಳು. ಅಲ್ಲೇ ತನ್ನಂಥವರನ್ನೆಲ್ಲಾ ಕೂಡಿಸಿ, ಸುಮ್ಮನಾಗದ ಹೋರಾಡಿದಳು. ರಾಬರ್ಟ್ ಫ್ರಾನ್ಸಿಸ್ ಅನ್ನೋ ವಕೀಲರ ವಿಚಾರಣಿ ವರದಿ 2010ಕ್ಕೊಂದು, 2013ಕ್ಕೊಂದು ಬಂತು. ರೊಕ್ಕ ಮತ್ತ ಗುರಿಯ ಲೆಕ್ಕದಾಗ ಮುಳುಗಿದವರಿಗೆ ಮನಿಮಂದಿ ತಕರಾರು ಕೇಳಲೇ ಇಲ್ಲ ಅಂತ ಅದರಾಗ ಬಿಚ್ಚಿ ಬರದಾರ.

ನಮ್ಮಲ್ಲಿ ಸರಕಾರಿ ದವಾಖಾನ್ಯಾಗ ಹಾಲು, ಬ್ರೆಡ್ಡು, ತತ್ತಿ ಕೊಡ್ತಾರ, ಉಳಿದದ್ದು ಮನಿಯಿಂದ ಡಬ್ಬಿ. ಜೋಡಿ ಇರೋರು ಇದ್ದೇ ಇರ್ತೀವಿ, ಲೋಟ ನಿಲುಕದ ಹಂಗ ಇಡೋ ಮಾತಿಲ್ಲ. ಆದ್ರ ಡಾಕ್ಟರ್ರು ರೌಂಡಿಗೆ ಬಂದು "ಊಟ ಮಾಡ್ಯಾರೇನು?" ಅಂದ್ರ ನಾವು "ಹೂಂ ರೀ, ಸ್ವಲ್ಪ" ಅಂತೀವಿ. ಆ "ಸ್ವಲ್ಪ" ಎರಡು ಚಮಚ ಇರಬಹುದು, ಅರ್ಧ ಡಬ್ಬಿ ಇರಬಹುದು. ಸಿಸ್ಟರ್ ಬರಿಯೋ ಚಾರ್ಟಿನ್ಯಾಗ ಸಲೈನ್ ಬಾಟ್ಲಿ ಲೆಕ್ಕ ಅದ, ನಮ್ಮ ಡಬ್ಬಿ ಲೆಕ್ಕ ಇಲ್ಲ. ಮತ್ತ "ಚಹಾ ವಾಸನಿ ಬರ್ತದ" ಅಂದವರಿಗೆ ಸಮಾಧಾನ ಹೇಳೋಕಿಂತ ಮೊದಲು ಥರ್ಮಾಸಿನ ಮುಚ್ಚಳ ತಗದು ಒಮ್ಮೆ ಮೂಸಿ ನೋಡ್ರಿ.