ದರದ ಆದೇಶದಿಂದ ಜನರ ಆರೋಗ್ಯದವರೆಗೆ: ಮೀಲಾ ಕಾಫ್ಮನ್ ವೃತ್ತಿಜೀವನದ ಅಧ್ಯಯನ

ಅಮೆರಿಕದಲ್ಲಿ ವಿಮಾ ವ್ಯವಹಾರದ ನಿಯಂತ್ರಣ ಬಹುಮಟ್ಟಿಗೆ ರಾಜ್ಯಗಳದ್ದು. 1945ರ ಮೆಕ್ಯಾರನ್–ಫರ್ಗುಸನ್ ಕಾಯ್ದೆ ಈ ಅಧಿಕಾರವನ್ನು ಅವುಗಳಿಗೇ ಉಳಿಸಿಕೊಟ್ಟಿತು. ಭಾರತದ ಸಂವಿಧಾನದಲ್ಲಿ ವಿಮೆ ಕೇಂದ್ರಪಟ್ಟಿಯಲ್ಲಿದೆ, ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ. ಅಮೆರಿಕದಲ್ಲಾದರೋ ಇವೆರಡೂ ರಾಜ್ಯದ ಅಂಗಳದಲ್ಲೇ ಕೂಡುತ್ತವೆ. ವಕೀಲೆ ಮೀಲಾ ಕಾಫ್ಮನ್ ಅವರ ವೃತ್ತಿಜೀವನ ಬೆಳೆದದ್ದು ಈ ಕೂಡುವ ಜಾಗದಲ್ಲಿ. ಪರವಾನಗಿ ಕೊಡುವುದು, ದರ ಒಪ್ಪುವುದು, ಪಾಲಿಸಿಯ ಷರತ್ತು ನಿಗದಿ ಮಾಡುವುದು ವಿಮಾ ಕಾನೂನಿನ ನಿತ್ಯದ ಕೆಲಸಗಳು. ಇವೇ ಸಾರ್ವಜನಿಕ ಆರೋಗ್ಯದ ಸಾಧನಗಳೂ ಆಗಬಲ್ಲವು ಎಂಬುದಕ್ಕೆ ಅವರ ಮೂರು ದಶಕಗಳ ಕೆಲಸ ಸಾಕ್ಷಿಯಾಗಿದೆ.

ನಕಲಿ ವಿಮೆಯ ಅಧ್ಯಯನ

ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದ ಕಾಫ್ಮನ್, ಒಕ್ಕೂಟ ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿ ಆರೋಗ್ಯ ವಿಮೆಯ ನಿಯಂತ್ರಣಾಧಿಕಾರಿಯಾಗಿದ್ದರು. ಬಳಿಕ ಅದೇ ವಿಶ್ವವಿದ್ಯಾಲಯದ ಆರೋಗ್ಯ ನೀತಿ ಸಂಸ್ಥೆಯಲ್ಲಿ ಸಂಶೋಧನೆಗೆ ತೊಡಗಿದರು. ಅವರ ಮುಖ್ಯ ವಿಷಯಗಳಲ್ಲಿ ನಕಲಿ ಆರೋಗ್ಯ ವಿಮೆ ಒಂದು.

ಈ ವಂಚನೆಯ ಬೇರು ಕಾನೂನಿನ ಗೊಂದಲದಲ್ಲಿತ್ತು. 1974ರ ಎರಿಸಾ ಕಾಯ್ದೆಯ ಪ್ರಕಾರ, ಉದ್ಯೋಗದಾತರು ತಾವೇ ಹಣ ಹೊಂದಿಸಿ ನಡೆಸುವ ಆರೋಗ್ಯ ಯೋಜನೆಗಳಿಗೆ ರಾಜ್ಯದ ವಿಮಾ ಕಾನೂನು ಅನ್ವಯಿಸುವುದಿಲ್ಲ. ಹಲವು ಉದ್ಯೋಗದಾತರು ಸೇರಿ ನಡೆಸುವ ಒಕ್ಕೂಟಗಳನ್ನು ರಾಜ್ಯಗಳು ನಿಯಂತ್ರಿಸಬಹುದೆಂದು 1983ರ ತಿದ್ದುಪಡಿ ಸ್ಪಷ್ಟಪಡಿಸಿತು. ಆದರೂ ವಂಚಕರು ತಮಗೆ ಎರಿಸಾ ವಿನಾಯಿತಿ ಇದೆಯೆಂದು ಹೇಳಿ, ಪರವಾನಗಿಯಿಲ್ಲದೆ ಅಗ್ಗದ ಪಾಲಿಸಿಗಳನ್ನು ಮಾರಿದರು. ಮೊದಮೊದಲು ಸಣ್ಣ ಬಿಲ್ಲುಗಳನ್ನು ಪಾವತಿಸಿ ನಂಬಿಕೆ ಗಳಿಸುವುದು, ದೊಡ್ಡ ಶಸ್ತ್ರಚಿಕಿತ್ಸೆಯ ಬಿಲ್ಲು ಬಂದಾಗ ಕೈಯೆತ್ತುವುದು ಅವರ ಪದ್ಧತಿ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ 2004ರ ವರದಿಯಂತೆ, 2000ರಿಂದ 2002ರ ನಡುವೆ ಇಂಥ 144 ಸಂಸ್ಥೆಗಳು ಪತ್ತೆಯಾದವು. ಪಾಲಿಸಿ ಕೊಂಡವರ ಸಂಖ್ಯೆ 2 ಲಕ್ಷ ದಾಟಿತ್ತು, ಪಾವತಿಯಾಗದ ಕ್ಲೇಮುಗಳ ಮೊತ್ತ 25.2 ಕೋಟಿ ಡಾಲರ್. ಕಾಯಿಲೆ ಬಿದ್ದವರು ಚಿಕಿತ್ಸೆಯ ನಡುವೆ ವಿಮೆ ಕಳೆದುಕೊಂಡಿದ್ದರಿಂದ ಇದು ಹಣಕಾಸಿನ ಅಪರಾಧವಷ್ಟೇ ಅಲ್ಲ, ಆರೋಗ್ಯದ ಸಮಸ್ಯೆಯೂ ಆಗಿತ್ತು. ರಾಜ್ಯಗಳೂ ಒಕ್ಕೂಟ ಸರ್ಕಾರವೂ ಇದನ್ನು ಹೇಗೆ ಎದುರಿಸಿದವು ಎಂಬುದನ್ನು ಕಾಫ್ಮನ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ದಾಖಲಿಸಿದರು.

ಮೇಯ್ನ್: ದರದ ತೀರ್ಮಾನ

2008ರಲ್ಲಿ ಮೇಯ್ನ್ ರಾಜ್ಯಪಾಲ ಜಾನ್ ಬಾಲ್ಡಾಚಿ ಅವರು ಕಾಫ್ಮನ್ ಅವರನ್ನು ರಾಜ್ಯದ ವಿಮಾ ಸೂಪರಿಂಟೆಂಡೆಂಟ್ ಆಗಿ ನೇಮಿಸಿದರು. ಆ ರಾಜ್ಯದ ಕಾನೂನಿನಂತೆ ವೈಯಕ್ತಿಕ ಆರೋಗ್ಯ ವಿಮೆಯ ದರ ಅತಿಯಾಗಿರಬಾರದು, ಸಾಲದಷ್ಟು ಕಡಿಮೆಯೂ ಇರಬಾರದು, ಅನ್ಯಾಯದ ತಾರತಮ್ಯವನ್ನೂ ಮಾಡಬಾರದು. ಕಡಿಮೆ ದರ ಗ್ರಾಹಕರಿಗೆ ಹಿತವೆನಿಸಿದರೂ ಕಂಪನಿ ಮುಳುಗಿದರೆ ಕ್ಲೇಮು ಕೊಡುವವರೇ ಇರುವುದಿಲ್ಲ. ಹಾಗಾಗಿ ನಿಯಂತ್ರಕರು ಎರಡೂ ಕಡೆ ನೋಡಬೇಕು.

ಈ ಮಾತು 2009ರಲ್ಲಿ ಪರೀಕ್ಷೆಗೆ ಒಳಗಾಯಿತು. ರಾಜ್ಯದ ಪ್ರಮುಖ ವಿಮಾ ಕಂಪನಿ ಆಂಥಮ್, ವೈಯಕ್ತಿಕ ಪಾಲಿಸಿಗಳ ದರವನ್ನು ಸರಾಸರಿ ಶೇ. 18.5ರಷ್ಟು ಏರಿಸಲು ಅನುಮತಿ ಕೇಳಿತು. ಅದರಲ್ಲಿ ಶೇ. 3ರಷ್ಟು ಲಾಭದ ಪಾಲೂ ಸೇರಿತ್ತು. ಆರ್ಥಿಕ ಹಿಂಜರಿತದ ಕಾಲವದು. ಕಾಫ್ಮನ್ ಆ ಕೋರಿಕೆಯನ್ನು ತಿರಸ್ಕರಿಸಿ, ಶೇ. 10.9ರ ಏರಿಕೆಗೆ ಮಾತ್ರ ಒಪ್ಪಿದರು. ಅದರಲ್ಲಿ ಲಾಭದ ಪಾಲು ಸೊನ್ನೆ. ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. 2011ರ ದರಗಳ ಬಗೆಗೂ ಇಂಥದ್ದೇ ವಿವಾದ ಎದ್ದು, 2012ರಲ್ಲಿ ಮೇಯ್ನ್‌ನ ಸರ್ವೋಚ್ಚ ನ್ಯಾಯಾಲಯ ನಿಯಂತ್ರಕರ ಆದೇಶವನ್ನು ಎತ್ತಿಹಿಡಿಯಿತು.

ಅದೇ ಕಚೇರಿ ಇನ್ನೊಂದು ಪ್ರಸಂಗದಲ್ಲಿ ಬೇರೆಯೇ ನಿಲುವು ತಳೆಯಬೇಕಾಯಿತು. 2010ರ ಆರೋಗ್ಯ ಸುಧಾರಣಾ ಕಾಯ್ದೆಯಂತೆ, ವೈಯಕ್ತಿಕ ವಿಮೆಯಲ್ಲಿ ಪ್ರತಿ 100 ಡಾಲರ್ ಪ್ರೀಮಿಯಂನಲ್ಲಿ ಕನಿಷ್ಠ 80 ಡಾಲರ್ ಚಿಕಿತ್ಸೆಗೂ ಗುಣಮಟ್ಟದ ಸುಧಾರಣೆಗೂ ಖರ್ಚಾಗಬೇಕು. ಮೇಯ್ನ್‌ನ ಮಾರುಕಟ್ಟೆಯಲ್ಲಿದ್ದ ಕಂಪನಿಗಳು ಬೆರಳೆಣಿಕೆಯಷ್ಟು. ಈ ನಿಯಮದಿಂದ ಅವುಗಳಲ್ಲೊಂದು ಹೊರನಡೆದರೆ ಸಾವಿರಾರು ಜನ ಬೇರೆ ಪಾಲಿಸಿ ಹುಡುಕಬೇಕಾಗುತ್ತಿತ್ತು. ಆದ್ದರಿಂದ ರಾಜ್ಯದಲ್ಲಿದ್ದ ಶೇ. 65ರ ಮಿತಿಯನ್ನೇ ಸ್ವಲ್ಪ ಕಾಲ ಮುಂದುವರಿಸಲು ಕಾಫ್ಮನ್ ಒಕ್ಕೂಟ ಸರ್ಕಾರದ ಅನುಮತಿ ಕೋರಿದರು. 2011ರ ಮಾರ್ಚ್‌ನಲ್ಲಿ ಇಂಥ ಸಡಿಲಿಕೆ ಪಡೆದ ಮೊದಲ ರಾಜ್ಯ ಮೇಯ್ನ್. ಒಂದು ಕಡೆ ಕಂಪನಿಯ ಲಾಭಕ್ಕೆ ತಡೆ, ಇನ್ನೊಂದು ಕಡೆ ಕಂಪನಿಗೆ ಸಡಿಲಿಕೆ: ಎರಡಕ್ಕೂ ಇದ್ದ ಅಳತೆಗೋಲು, ಪಾಲಿಸಿದಾರರ ಕೈಯಲ್ಲಿ ವಿಮೆ ಉಳಿಯುತ್ತದೆಯೇ ಎಂಬುದು. ಅದೇ ವರ್ಷ ಅವರು ಹುದ್ದೆ ತೊರೆದರು.

ವಾಷಿಂಗ್ಟನ್: ಪಾಲಿಸಿಯ ರಚನೆ

2013ರ ಜನವರಿಯಲ್ಲಿ ಕಾಫ್ಮನ್ ರಾಜಧಾನಿ ವಾಷಿಂಗ್ಟನ್‌ನ ಆರೋಗ್ಯ ವಿಮಾ ವಿನಿಮಯ ಪ್ರಾಧಿಕಾರದ ಕಾರ್ಯನಿರ್ವಾಹಕ ನಿರ್ದೇಶಕಿಯಾದರು. ಅದರ ಆನ್‌ಲೈನ್ ಮಾರುಕಟ್ಟೆ 2013ರ ಅಕ್ಟೋಬರ್ 1ರಂದು ತೆರೆಯಿತು. ವೈಯಕ್ತಿಕ ಮತ್ತು ಸಣ್ಣ ಉದ್ಯಮಗಳ ಪಾಲಿಸಿಗಳೆರಡನ್ನೂ ಇಲ್ಲಿ ಒಂದೇ ಮಾರುಕಟ್ಟೆಗೆ ತರಲಾಯಿತು. ಅಮೆರಿಕ ಸಂಸತ್ತಿನ ಸದಸ್ಯರೂ ಅವರ ಕಚೇರಿಯ ಸಿಬ್ಬಂದಿಯೂ ಇದೇ ಮಾರುಕಟ್ಟೆಯ ಮೂಲಕ ವಿಮೆ ಪಡೆಯುವ ವ್ಯವಸ್ಥೆಯಾಯಿತು. ವಿಮೆ ಇಲ್ಲದವರ ಮೇಲಿನ ಒಕ್ಕೂಟದ ದಂಡ 2019ರಿಂದ ಸೊನ್ನೆಗಿಳಿದಾಗ, ವಾಷಿಂಗ್ಟನ್ ತನ್ನದೇ ಕಾನೂನಿನಿಂದ ವಿಮೆಯನ್ನು ಕಡ್ಡಾಯವಾಗಿ ಉಳಿಸಿಕೊಂಡಿತು.

ವಿಮೆ ಇದ್ದ ಮಾತ್ರಕ್ಕೆ ಚಿಕಿತ್ಸೆ ಕೈಗೆಟುಕುವುದಿಲ್ಲ ಎಂಬುದಕ್ಕೆ ಟೈಪ್ 2 ಮಧುಮೇಹ ಒಳ್ಳೆಯ ನಿದರ್ಶನ. ಅದರ ರೋಗಿಗೆ ರಕ್ತಪರೀಕ್ಷೆ, ಕಣ್ಣು ಮತ್ತು ಪಾದಗಳ ತಪಾಸಣೆ, ಔಷಧ, ಸಕ್ಕರೆ ಅಳೆಯುವ ಪಟ್ಟಿ ಎಲ್ಲವೂ ಮತ್ತೆ ಮತ್ತೆ ಬೇಕು. ಪ್ರತಿ ಸಲವೂ ಕೈಯಿಂದ ಒಂದಿಷ್ಟು ಹಣ ತೆರಬೇಕಾದಾಗ ಬಡ ರೋಗಿ ಮೊದಲು ಕೈಬಿಡುವುದು, ನೋವಿಲ್ಲದ ಹೊತ್ತಿನ ತಪಾಸಣೆಯನ್ನು. ಕಣ್ಣಿನ, ಮೂತ್ರಪಿಂಡದ, ಪಾದದ ತೊಂದರೆಗಳು ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ. ವಾಷಿಂಗ್ಟನ್‌ನಲ್ಲಿ ಈ ಹೊರೆ ಕಪ್ಪುವರ್ಣೀಯ ನಿವಾಸಿಗಳ ಮೇಲೆ ಹೆಚ್ಚು. ಆರೋಗ್ಯದ ಅಸಮಾನತೆಯನ್ನು ಪರಿಶೀಲಿಸಲು ಪ್ರಾಧಿಕಾರ ಕಾರ್ಯತಂಡ ರಚಿಸಿತು. ಅದರ ಶಿಫಾರಸಿನಂತೆ, 2023ರಿಂದ ಏಕರೂಪದ (ಸ್ಟ್ಯಾಂಡರ್ಡ್) ಪಾಲಿಸಿಗಳಲ್ಲಿ ಈ ಕಾಯಿಲೆಯ ನಿಗದಿತ ಸೇವೆಗಳಿಗೆ ರೋಗಿ ಹಣ ತೆರಬೇಕಾಗಿಲ್ಲ. ಹೊಸ ಆಸ್ಪತ್ರೆ ಕಟ್ಟದೆ, ಪಾಲಿಸಿಯ ಒಂದು ಷರತ್ತು ಬದಲಿಸಿ ಕೈಗೊಂಡ ಆರೋಗ್ಯ ಕ್ರಮವಿದು.

ಇಷ್ಟು ಜನರ ವಿವರ ಒಂದೆಡೆ ಸೇರಿದಾಗ ಅದನ್ನು ಕಾಪಾಡುವ ಹೊಣೆಯೂ ದೊಡ್ಡದಾಗುತ್ತದೆ. 2023ರ ಮಾರ್ಚ್‌ನಲ್ಲಿ ಪ್ರಾಧಿಕಾರದ ಬಳಿಯಿದ್ದ 56,415 ಗ್ರಾಹಕರ ಮಾಹಿತಿ ಸೋರಿಕೆಯಾಗಿರುವುದು ಬೆಳಕಿಗೆ ಬಂತು. ಸಂಸತ್ತಿನ ಸದಸ್ಯರೂ ಅವರಲ್ಲಿದ್ದರು. ಸರ್ವರ್ ಒಂದರ ತಪ್ಪು ಹೊಂದಾಣಿಕೆ ಇದಕ್ಕೆ ಕಾರಣವಾಗಿತ್ತು. ಏಪ್ರಿಲ್‌ನಲ್ಲಿ ಕಾಫ್ಮನ್ ಸಂಸತ್ತಿನ ಉಪಸಮಿತಿಯ ಮುಂದೆ ಹಾಜರಾಗಿ ವಿವರಣೆ ನೀಡಿದರು.

ನಕಲಿ ಪಾಲಿಸಿಯ ಅಧ್ಯಯನದಲ್ಲಿ ಪ್ರಶ್ನೆ, ವಿಮೆ ನಿಜವಾದದ್ದೇ ಎಂಬುದಾಗಿತ್ತು. ಮೇಯ್ನ್‌ನಲ್ಲಿ ಅದನ್ನು ಕೊಳ್ಳಲು ಸಾಧ್ಯವೇ ಎಂಬುದಾಯಿತು. ವಾಷಿಂಗ್ಟನ್‌ನಲ್ಲಿ ಅದರಿಂದ ರೋಗಿಗೆ ಚಿಕಿತ್ಸೆ ದಕ್ಕುತ್ತದೆಯೇ ಎಂಬಲ್ಲಿಗೆ ಬಂದು ನಿಂತಿತು. ಮೂರಕ್ಕೂ ಉತ್ತರ ಹುಡುಕಿದ್ದು ಕಾನೂನಿನ ದಾರಿಯಲ್ಲೇ.