ಹಗೇವಿನಿಂದ ಕೊಳವೆಬಾವಿಯವರೆಗೆ: ಅಪಾಯ, ಎಚ್ಚರಿಕೆ ಮತ್ತು ಹೊಣೆ

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ನರಗುಂದ, ರೋಣ ಮತ್ತು ಗಜೇಂದ್ರಗಡ ತಾಲ್ಲೂಕುಗಳು ಎರೆಭೂಮಿಯ ಬಯಲು ಹಾಗೂ ಕಲ್ಲುಗುಡ್ಡಗಳ ಸೀಮೆ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶದ ಚರಿತ್ರೆಯನ್ನು ಕೋಟೆಗಳು, ಸೂಡಿಯ ದೇವಾಲಯಗಳು, 1858ರ ನರಗುಂದ ಬಂಡಾಯ ಹಾಗೂ 1980ರ ರೈತ ಬಂಡಾಯಗಳ ಮೂಲಕ ನಿರೂಪಿಸುವುದು ರೂಢಿ. ಆದರೆ ಇಲ್ಲಿ ನೆಲದ ಕೆಳಗೂ ಒಂದು ಚರಿತ್ರೆಯಿದೆ. ಧಾನ್ಯಕ್ಕಾಗಿ ಹಿರಿಯರು ತೋಡಿದ ಹಗೇವು ಮತ್ತು ನೀರಿಗಾಗಿ ಇಂದಿನವರು ಕೊರೆಯಿಸಿದ ಕೊಳವೆಬಾವಿ, ಇವೆರಡೂ ಬದುಕಿನ ಅಗತ್ಯದಿಂದ ಹುಟ್ಟಿದವು. ಬಳಕೆ ನಿಂತ ಮೇಲೆ ಎರಡೂ ಅಪಾಯದ ಗುಂಡಿಗಳಾದವು. ಇಂತಹ ಗುಂಡಿಯಿಂದ ಕೇಡು ಸಂಭವಿಸಿದಾಗ ಹೊಣೆ ಯಾರದು, ಎಷ್ಟು ಎಚ್ಚರಿಕೆ ವಹಿಸಿದ್ದರೆ ಸಾಕಾಗಿತ್ತು ಎಂಬ ಪ್ರಶ್ನೆಗಳನ್ನು ನಿರ್ಲಕ್ಷ್ಯದ ಕಾನೂನು ಹೇಗೆ ಪರಿಶೀಲಿಸುತ್ತದೆ ಎಂಬುದನ್ನು ಈ ಸೀಮೆಯ ಅನುಭವದ ಬೆಳಕಿನಲ್ಲಿ ನೋಡಬಹುದಾಗಿದೆ.

ಹಗೇವು ಬಯಲುಸೀಮೆಯ ಕೃಷಿಜೀವನದ ಪ್ರಾಚೀನ ವ್ಯವಸ್ಥೆ. ಕಿರಿದಾದ ಬಾಯಿ, ಹಿರಿದಾದ ಒಡಲು ಉಳ್ಳ ಈ ಗುಂಡಿಯ ಒಳಮೈಗೆ ಹುಲ್ಲು ಮತ್ತು ದಂಟನ್ನು ಹೊಂದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣು ಮುಚ್ಚಲಾಗುತ್ತಿತ್ತು. ಮಳೆ ಕಡಿಮೆಯಿರುವ ಸೀಮೆಯಲ್ಲಿ ಧಾನ್ಯವು ಹೀಗೆ ವರ್ಷಗಟ್ಟಲೆ ಉಳಿಯುತ್ತಿತ್ತು. ಬರಗಾಲದಲ್ಲಿ ಅದೇ ಊರಿನ ಆಸರೆ. ಆದರೆ ಮುಚ್ಚಿದ ಹಗೇವಿನೊಳಗೆ ಧಾನ್ಯದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಾಯಿ ತೆರೆದ ಕೂಡಲೇ ಒಳಗಿಳಿದವನು ಉಸಿರುಗಟ್ಟಿ ಸಾಯಬಹುದು. ಆದ್ದರಿಂದ ಹಗೇವನ್ನು ತೆರೆದು ಗಾಳಿಯಾಡಲು ಬಿಡಬೇಕು, ಆಮೇಲೆ ಇಳಿಯಬೇಕು ಎಂಬ ನಿಯಮ ರೂಢಿಯಲ್ಲಿತ್ತು. ಈ ಎಚ್ಚರಿಕೆಗೆ ತಗಲುವ ವೆಚ್ಚ ಕೆಲವು ಗಂಟೆಗಳ ಕಾಯುವಿಕೆ ಮಾತ್ರ. ಅದರಿಂದ ಉಳಿಯುವುದು ಒಂದು ಜೀವ. ನ್ಯಾಯಾಲಯಗಳು ಬಹುಕಾಲದ ನಂತರ ಸೂತ್ರರೂಪಕ್ಕೆ ತಂದ ತರ್ಕ ರೈತನ ನಡವಳಿಕೆಯಲ್ಲಿ ಆಗಲೇ ಇತ್ತೆಂಬುದು ಗಮನಾರ್ಹ.

ಆ ಸೂತ್ರ ಸ್ಪಷ್ಟ ರೂಪ ಪಡೆದದ್ದು 1947ರಲ್ಲಿ, ಅಮೆರಿಕದ ಕ್ಯಾರಲ್ ಟೋಯಿಂಗ್ ಪ್ರಕರಣದಲ್ಲಿ. ನ್ಯೂಯಾರ್ಕ್ ಬಂದರಿನಲ್ಲಿ ಕಾವಲುಗಾರನಿಲ್ಲದ ಸರಕುದೋಣಿಯೊಂದು ಕಟ್ಟು ಬಿಚ್ಚಿಕೊಂಡು ಸಾಗಿ ಮುಳುಗಿತು. ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಮೂರು ಅಂಶಗಳನ್ನು ಮುಂದಿಟ್ಟರು: ಕೇಡಿನ ಸಂಭವ, ಸಂಭವಿಸಿದರೆ ಆಗುವ ಹಾನಿಯ ಪ್ರಮಾಣ, ಅದನ್ನು ತಡೆಯಲು ಬೇಕಾದ ಎಚ್ಚರಿಕೆಯ ಹೊರೆ. ಮೊದಲೆರಡನ್ನು ಗುಣಿಸಿದಾಗ ಬರುವ ಮೊತ್ತಕ್ಕಿಂತ ಮೂರನೆಯದು ಕಡಿಮೆಯಾಗಿದ್ದೂ ಎಚ್ಚರಿಕೆ ವಹಿಸದಿದ್ದರೆ ಅದು ನಿರ್ಲಕ್ಷ್ಯ. 1951ರಲ್ಲಿ ಇಂಗ್ಲೆಂಡಿನ ಬೋಲ್ಟನ್ ವಿರುದ್ಧ ಸ್ಟೋನ್ ಪ್ರಕರಣದಲ್ಲಿ ಮೈದಾನದಿಂದ ಹಾರಿದ ಕ್ರಿಕೆಟ್ ಚೆಂಡು ಮಹಿಳೆಯೊಬ್ಬರಿಗೆ ತಗುಲಿತ್ತು. ಸುಮಾರು 30 ವರ್ಷಗಳಲ್ಲಿ ಚೆಂಡು ಹಾಗೆ ಹೊರಬಿದ್ದದ್ದು ಆರು ಬಾರಿಯಷ್ಟೇ ಎಂಬ ಕಾರಣದಿಂದ ಕ್ಲಬ್ಬಿನ ಮೇಲೆ ಹೊಣೆ ಹೊರಿಸಲಾಗಲಿಲ್ಲ. ಅಪಾಯ ಇತ್ತೆಂಬುದಷ್ಟೇ ಸಾಲದು, ವಿವೇಕಿಯಾದವನು ಅದನ್ನು ತಡೆಯಲು ಮುಂದಾಗುವಷ್ಟು ತೂಕ ಅದಕ್ಕಿರಬೇಕು ಎಂಬುದು ಇದರ ಸಾರ.

ಆದರೆ ಈ ತೂಕ ಎಂದೆಂದಿಗೂ ಒಂದೇ ಆಗಿರುವುದಿಲ್ಲ. ನರಗುಂದ ಇದಕ್ಕೆ ಸ್ಪಷ್ಟ ನಿದರ್ಶನ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ಕಾಲುವೆಗಳ ಮೂಲಕ ಈ ಬಯಲಿಗೆ ಬಂದಿತು. ನೀರಾವರಿಯ ವೆಚ್ಚಕ್ಕಾಗಿ ವಿಧಿಸಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈನಲ್ಲಿ ರೈತರು ಬಂಡೆದ್ದರು. ಆ ವಾದವಿವಾದ ನೆಲದ ಮೇಲಿನ ಫಸಲು ಮತ್ತು ತೆರಿಗೆಗೆ ಸಂಬಂಧಿಸಿದ್ದು. ನೆಲದ ಒಳಗಿನ ಬದಲಾವಣೆ ತಡವಾಗಿ ಕಾಣಿಸಿಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆಯೊಳಗೂ ಬೀದಿಯಲ್ಲೂ ನೆಲ ಹಠಾತ್ತನೆ ಕುಸಿಯತೊಡಗಿತು. ಬಳಕೆ ತಪ್ಪಿ, ಗುರುತು ಅಳಿದು, ಮೇಲೆ ಮನೆಗಳು ಎದ್ದಿದ್ದ ಹಗೇವುಗಳು ಮತ್ತು ಮೇಲೇರಿದ ಅಂತರ್ಜಲ ಇದಕ್ಕೆ ಕಾರಣವೆಂದು ಗುರುತಿಸಲಾಗಿದೆ. ಒಣನೆಲದಲ್ಲಿ ತಲೆಮಾರುಗಳ ಕಾಲ ನಿಂತ ಗುಂಡಿ ತೇವ ತಗುಲಿದ ನೆಲದಲ್ಲಿ ನಿಲ್ಲಲಾರದು. ಗುಂಡಿ ಹಳೆಯದೇ, ಆದರೆ ಅಪಾಯ ಹೊಸದು.

ಕಾನೂನಿನ ಚರಿತ್ರೆಯಲ್ಲಿ ಇದನ್ನು ಹೋಲುವ ಪ್ರಕರಣವೊಂದಿದೆ. 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಪ್ರಕರಣದಲ್ಲಿ ಗಿರಣಿಯ ಮಾಲೀಕನೊಬ್ಬ ಕಟ್ಟಿಸಿದ ಜಲಾಶಯದ ನೀರು ಅದರಡಿಯ ಪಾಳುಬಿದ್ದ ಗಣಿಬಾವಿಗಳ ಮೂಲಕ ನೆರೆಯವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಮಾಲೀಕನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಅವನೇ ಹೊಣೆಗಾರನೆಂದು ತೀರ್ಪಾಯಿತು. ಆದರೆ 1874ರಲ್ಲಿ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದರಾಸು ರೈಲ್ವೆಗೆ ಹಾನಿಯಾದಾಗ ಪ್ರಿವಿ ಕೌನ್ಸಿಲ್ ಈ ತತ್ವವನ್ನು ಅನ್ವಯಿಸಲಿಲ್ಲ. ಈ ದೇಶದಲ್ಲಿ ಕೆರೆ ಜನಜೀವನಕ್ಕೆ ಅನಿವಾರ್ಯ, ಅದನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯ, ಆದ್ದರಿಂದ ನಿರ್ಲಕ್ಷ್ಯ ಸಾಬೀತಾದ ಹೊರತು ಹೊಣೆಯಿಲ್ಲ ಎಂದು ಅದು ನಿರ್ಣಯಿಸಿತು. ನೀರಾವರಿಯ ಪ್ರಯೋಜನವನ್ನೂ ತಕ್ಕಡಿಯಲ್ಲಿಟ್ಟ ಈ ತೀರ್ಪು ಕಾಲುವೆಯ ನಾಡಿಗೆ ಹತ್ತಿರದ್ದು.

ಹಾಗಾದರೆ ಇಂದು ಆ ಮನೆಗಳಲ್ಲಿ ವಾಸಿಸುವವರ ಹೊಣೆಯೇನು? ಹಗೇವನ್ನು ತೋಡಿದವರು ಅವರಲ್ಲ. ಅದರ ಇರುವಿಕೆಯೂ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ತಾನು ಸೃಷ್ಟಿಸದ ಅಪಾಯ ತನ್ನ ನೆಲದಲ್ಲಿ ತಲೆದೋರಿದಾಗ ಮಾಲೀಕನ ಕರ್ತವ್ಯವನ್ನು ಅವನ ಅರಿವು ಮತ್ತು ಆರ್ಥಿಕ ಶಕ್ತಿಗೆ ಅನುಗುಣವಾಗಿ ಅಳೆಯಬೇಕೆಂದು 1966ರಲ್ಲಿ ಪ್ರಿವಿ ಕೌನ್ಸಿಲ್ ಆಸ್ಟ್ರೇಲಿಯಾದ ಗೋಲ್ಡ್‌ಮನ್ ವಿರುದ್ಧ ಹಾರ್ಗ್ರೇವ್ ಪ್ರಕರಣದಲ್ಲಿ ಹೇಳಿತು. ಸಾರ್ವಜನಿಕ ಸಂಸ್ಥೆಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ದೆಹಲಿಯ ಚಾಂದನಿ ಚೌಕದಲ್ಲಿ 80 ವರ್ಷ ಹಳೆಯದಾದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ದೋಷ ಹೊರಗೆ ಕಾಣುತ್ತಿರಲಿಲ್ಲವೆಂಬ ನಗರಪಾಲಿಕೆಯ ಸಮರ್ಥನೆಯನ್ನು 1966ರಲ್ಲಿ ಅದು ಒಪ್ಪಲಿಲ್ಲ. ರಸ್ತೆಬದಿಯ ಮರ ಉರುಳಿ ದಾರಿಹೋಕರೊಬ್ಬರು ಮಡಿದ ರಾಜಕೋಟೆಯ ಪ್ರಕರಣದಲ್ಲಿ ಮಾತ್ರ 1997ರಲ್ಲಿ ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ಮುಪ್ಪಾದ ಕಟ್ಟಡವೊಂದನ್ನು ಪರೀಕ್ಷಿಸುವುದು ಸಾಧ್ಯ. ನಗರದ ಪ್ರತಿಯೊಂದು ಮರವನ್ನೂ ಸತತವಾಗಿ ಪರೀಕ್ಷಿಸುವ ಹೊರೆ ಬೇರೆಯೇ. ನರಗುಂದದ ಮೊದಲ ಕುಸಿತ ಮರದ ಪ್ರಕರಣವನ್ನು ಹೋಲಬಹುದು. ಅದೇ ಓಣಿಯಲ್ಲಿ ಮತ್ತೆ ಮತ್ತೆ ನೆಲ ಕುಸಿದ ಮೇಲೆ ಅದು ಗೋಪುರದ ಪ್ರಕರಣವೇ ಆಗುತ್ತದೆ. ತಿಳಿದ ಅಪಾಯದ ಮುಂದೆ ಅರಿಯದಿದ್ದೆವೆಂಬ ಉತ್ತರ ನಿಲ್ಲುವುದಿಲ್ಲ.

ಕಾಲುವೆಯ ನೀರು ಸಿಗದ ಗಜೇಂದ್ರಗಡದ ಗುಡ್ಡಗಳ ಕಡೆಗೂ ರೋಣದ ಒಣಬೇಸಾಯದ ಹೊಲಗಳಿಗೂ ಬಂದರೆ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಇಲ್ಲಿ ಗುಂಡಿಯನ್ನು ಕೊರೆಯಿಸಿದವನು ಯಾರೆಂಬುದು ತಿಳಿದೇ ಇರುತ್ತದೆ. 2014ರ ಆಗಸ್ಟ್‌ನಲ್ಲಿ ನೆರೆಯ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಬಾಲಕ ಹಲವು ದಿನಗಳ ಕಾರ್ಯಾಚರಣೆಯ ಬಳಿಕವೂ ಬದುಕಿ ಬರಲಿಲ್ಲ. 2017ರಲ್ಲಿ ರೋಣ ತಾಲ್ಲೂಕಿನ ಸವಡಿಯಲ್ಲಿ ಕೊಳವೆಬಾವಿಯ ಬಳಿ ಮಣ್ಣು ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು. ಇವುಗಳಿಗೂ ಮೊದಲೇ, 2010ರ ಫೆಬ್ರವರಿ 11ರಂದು, ಸರ್ವೋಚ್ಚ ನ್ಯಾಯಾಲಯ ಎಚ್ಚರಿಕೆಯ ಕ್ರಮಗಳನ್ನು ವಿಧಿಸಿತ್ತು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಸೂಚನೆ, ಸ್ಥಳದಲ್ಲಿ ಫಲಕ ಮತ್ತು ಮುಳ್ಳುತಂತಿಯ ಬೇಲಿ, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡು ಅಥವಾ ಬೋಲ್ಟು ಬಿಗಿದ ಭದ್ರ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬುವುದು, ಇವು ಅವುಗಳಲ್ಲಿ ಮುಖ್ಯವಾದವು.

ಹ್ಯಾಂಡ್ ಅವರ ಸೂತ್ರಕ್ಕೆ ಇದಕ್ಕಿಂತ ಸರಳವಾದ ಲೆಕ್ಕ ದೊರೆಯದು. ಕೊರೆಯಿಸಲು ತಗಲುವ ಹಣದ ಮುಂದೆ ಮುಚ್ಚಳದ ಬೆಲೆ ಅತ್ಯಲ್ಪ. ಮಗುವಿನ ಜೀವದ ಮುಂದೆ ಅದು ಲೆಕ್ಕಕ್ಕೇ ಬಾರದು. ಆದರೂ ಬಾವಿಗಳು ತೆರೆದೇ ಉಳಿಯುವುದಕ್ಕೆ ಸಾಮಾಜಿಕ ಕಾರಣವಿದೆ. ಸಾಲ ಮಾಡಿ ಕೊರೆಯಿಸಿದ ಬಾವಿಯಲ್ಲಿ ನೀರು ಬಾರದಿದ್ದಾಗ ರೈತನು ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳಲು ಅದನ್ನು ಕೀಳಿಸುತ್ತಾನೆ. ಆ ಗಳಿಗೆಯಲ್ಲಿ ಮುಚ್ಚುವ ಖರ್ಚು ಅವನಿಗೆ ನಷ್ಟದ ಮೇಲಿನ ನಷ್ಟ. ಎಚ್ಚರಿಕೆಯ ವೆಚ್ಚ ಭರಿಸಬೇಕಾದವನು ಒಬ್ಬ, ಅಪಾಯವನ್ನು ಅನುಭವಿಸುವುದು ಬಹುತೇಕ ಕೂಲಿಕಾರರ ಮಗು. ಹಗೇವಿನ ಕಾಲದಲ್ಲಿ ಕಾಯಬೇಕಾದವರೂ ಒಳಗಿಳಿಯುವವರೂ ಒಂದೇ ಊರಿನ, ಎಷ್ಟೋ ಸಲ ಒಂದೇ ಮನೆಯ ಜನರಾಗಿದ್ದರು. ಆದ್ದರಿಂದ ರೂಢಿಯೇ ಸಾಕಾಗುತ್ತಿತ್ತು. ವೆಚ್ಚ ಮತ್ತು ಅಪಾಯಗಳು ಬೇರೆ ಬೇರೆ ಕೈಗಳಿಗೆ ಹೋದಲ್ಲಿ ರೂಢಿ ಸೋಲುತ್ತದೆ, ಕಾನೂನು ಬೇಕಾಗುತ್ತದೆ. 2024ರಲ್ಲಿ ಕರ್ನಾಟಕವು ತನ್ನ ಅಂತರ್ಜಲ ಕಾಯ್ದೆಯ ತಿದ್ದುಪಡಿಯ ಮೂಲಕ ಕೊಳವೆಬಾವಿಯನ್ನು ಮುಚ್ಚದೆ ಬಿಡುವುದನ್ನು ಶಿಕ್ಷಾರ್ಹಗೊಳಿಸಲು ಮುಂದಾದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಒಟ್ಟಾರೆ, ಈ ಮೂರು ತಾಲ್ಲೂಕುಗಳ ಅನುಭವ ಎರಡು ಸಂಗತಿಗಳನ್ನು ಮನಗಾಣಿಸುತ್ತದೆ. ಪರಿಸರ ಬದಲಾದಂತೆ ಅಪಾಯದ ತೂಕವೂ ಬದಲಾಗುವುದರಿಂದ ಎಚ್ಚರಿಕೆಯ ಪ್ರಮಾಣವನ್ನು ಕಾಲಕಾಲಕ್ಕೆ ಮತ್ತೆ ಅಳೆಯಬೇಕಾಗುತ್ತದೆ. ಹಾಗೆಯೇ ಎಚ್ಚರಿಕೆಯ ವೆಚ್ಚ ಎಷ್ಟು ಎಂದು ಕೇಳುವಾಗ ಅದನ್ನು ಯಾರು ಭರಿಸಬೇಕು ಎಂದೂ ಕೇಳಬೇಕಾಗುತ್ತದೆ. ಕೊಳವೆಬಾವಿಯನ್ನು ಕೊರೆಯಿಸುವ ದರದಲ್ಲೇ ಅದನ್ನು ಮುಚ್ಚುವ ವೆಚ್ಚವನ್ನೂ ಸೇರಿಸಿದರೆ, ನರಗುಂದದ ಹಗೇವುಗಳನ್ನು ಮನೆಮನೆಯ ಕಷ್ಟವೆಂದು ಬಿಡದೆ ಸಾರ್ವಜನಿಕ ವೆಚ್ಚದಲ್ಲಿ ಗುರುತಿಸಿ ತುಂಬಿದರೆ, ನ್ಯಾಯಾಲಯದಲ್ಲಿ ಹೊಣೆಯನ್ನು ತೂಗುವ ಪ್ರಸಂಗವೇ ಅಪರೂಪವಾದೀತು.